ಸೆಕೆಂಡಿನ ಲೆಕ್ಕವನ್ನು ಹಿಂತೆಗೆದುಕೊಳ್ಳುವಂತೆ ಕೋರಿ

ಬಾಡಿಗೆ ಸರ್ವರ್ ಸಂಸ್ಥೆಯ ಬಿಲ್ಲಿಂಗ್ ವಿಭಾಗದ ಮುಖ್ಯಸ್ಥರಾದ ಮಾನ್ಯರೇ,

ತಮಗೂ, ತಮ್ಮ ಸಿಬ್ಬಂದಿಗೂ, ಯಾವುದೋ ಕಿಟಕಿಯಿಲ್ಲದ ಕಟ್ಟಡದಲ್ಲಿ ಸಾಲಾಗಿ ನಿಂತು ಹಗಲಿರುಳೆನ್ನದೆ ಗುಂಯ್‌ಗುಡುತ್ತಿರುವ ತಮ್ಮ ಯಂತ್ರಗಳಿಗೂ, ಅವುಗಳಿಗೆ ಸೆಖೆಯಾಗದಂತೆ ಗಾಳಿ ಬೀಸುತ್ತಿರುವ ಫ್ಯಾನುಗಳಿಗೂ ಈ ಬಡ ಗಿರಾಕಿಯ ಅನಂತ ನಮಸ್ಕಾರಗಳು. ತಾವೆಲ್ಲರೂ ಕ್ಷೇಮವೆಂದು ನಂಬಿದ್ದೇನೆ. ನಾವು ಕ್ಷೇಮವಲ್ಲ. ಅದಕ್ಕೆ ಕಾರಣ ತಾವು ಇತ್ತೀಚೆಗೆ ಕೈಗೊಂಡ ಒಂದು ಪ್ರಾಮಾಣಿಕ ನಿರ್ಧಾರವಾದ್ದರಿಂದ, ಖಾಸಗಿಯಾಗಿ ಬರೆದರೆ ತಾವು ನಾಚಿಕೆಪಟ್ಟು ಮುಚ್ಚಿಟ್ಟುಬಿಡಬಹುದೆಂಬ ಭಯದಿಂದ ನಾಲ್ಕು ಜನ ಓದುವ ಹಾಗೆ ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ನಾನು ಕಟ್ಟುಹಲ್ಲು ತಯಾರಿಸುವವನು. ಮನೆಯ ಮುಂಬಾಗಿಲಿನ ಕೋಣೆಯೇ ನನ್ನ ಕಾರ್ಖಾನೆ. ಅಚ್ಚು, ಮೇಣ, ಸಣ್ಣ ಅರಗಳು, ಯಾರದೋ ಬಾಯಿಯನ್ನು ಕಾಯುತ್ತ ಕಪಾಟಿನಲ್ಲಿ ಕುಳಿತ ನಗುಗಳು. ನನ್ನ ಹೆಂಡತಿ ಸಾರಿಗೆ ಕಚೇರಿಯಲ್ಲಿ ಯಾವ ಬಸ್ಸು ಎಷ್ಟು ಹೊತ್ತಿಗೆ ಹೊರಡಬೇಕೆಂದು ಕಂಪ್ಯೂಟರಿನಲ್ಲಿ ಹೊಂದಿಸುವವಳು. ನಮ್ಮ ಜೊತೆಗಿರುವವರು ನನ್ನ ಅತ್ತೆ. ಕಾಲುಚೀಲದ ಕಾರ್ಖಾನೆಯಲ್ಲಿ ತಪಾಸಣೆಯ ಮುಖ್ಯಸ್ಥೆಯಾಗಿದ್ದು ನಿವೃತ್ತರಾದವರು. ಒಂದೊಂದು ಚೀಲವನ್ನೂ ಬೆಳಕಿಗೆ ಹಿಡಿದು, ಜಾರಿದ ಒಂದೇ ಒಂದು ಎಳೆಗಾಗಿ ಇಡೀ ಡಜನ್ನನ್ನು ಹಿಂದಕ್ಕೆ ಕಳಿಸುತ್ತಿದ್ದ ಮಹಾತಾಯಿ.

ಅವರಿಗೆ ಮಂಡಿಯ ಶಸ್ತ್ರಚಿಕಿತ್ಸೆಯಾಯಿತು. ಓಡಾಡುವ ಹಾಗಿಲ್ಲ, ಕುರ್ಚಿಯಲ್ಲೇ ಇರಬೇಕೆಂದು ವೈದ್ಯರು ಅಪ್ಪಣೆ ಮಾಡಿದರು, ಆದರೆ ಆ ಕುರ್ಚಿಯನ್ನು ಎಲ್ಲಿ ಹಾಕಬೇಕೆಂದು ಹೇಳಲಿಲ್ಲ. ಅತ್ತೆ ಅದನ್ನು ನನ್ನ ಕಾರ್ಖಾನೆಯ ಹೊಸ್ತಿಲಲ್ಲಿ ಹಾಕಿಸಿಕೊಂಡರು. ನಾನು ಮಾಡಿದ ಹಲ್ಲುಸಾಲನ್ನು ಕೈಗೆತ್ತಿಕೊಂಡು ಕಿಟಕಿಯ ಕಡೆ ಹಿಡಿದು, "ಇದು ನಗ್ತಾ ಇಲ್ಲ ಕಣಪ್ಪ, ಹಲ್ಲು ಕಿರೀತಾ ಇದೆ. ಇನ್ನೊಂದ್ಸಲ ಮಾಡು" ಎಂದು ಹಿಂದಕ್ಕೆ ಕೊಡತೊಡಗಿದರು. ಕೊಟ್ಟದ್ದನ್ನು ಮತ್ತೆ ಮತ್ತೆ ಮಾಡುತ್ತ ನಾನು ಸೊರಗುತ್ತಿರುವುದನ್ನು ನೋಡಲಾರದೆ ನನ್ನ ಹೆಂಡತಿ ತಾಯಿಗಾಗಿ ಒಂದು ಆಟ ತಯಾರಿಸಿದಳು. ಹೆಸರು ಪದಸರಪಳಿ. ಒಬ್ಬರು ಒಂದು ಪದ ಹೇಳಿದರೆ ಅದರ ಕೊನೆಯ ಅಕ್ಷರದಿಂದ ಇನ್ನೊಬ್ಬರು ಇನ್ನೊಂದು ಪದ ಹೇಳಬೇಕು. ಎದುರಾಳಿ ಯಾವ ಮನೆಯಲ್ಲಿ ಕುಳಿತಿದ್ದರೂ ಆಡಬಹುದು. ಅಂಥ ಆಟವನ್ನು ಇಡುವುದಕ್ಕೆ ಸದಾ ಎಚ್ಚರವಿರುವ ಒಂದು ಕಂಪ್ಯೂಟರ್ ಬೇಕು, ಅದನ್ನು ಕೊಂಡುಕೊಳ್ಳಬೇಕಿಲ್ಲ, ಗಂಟೆಗಿಷ್ಟೆಂದು ಬಾಡಿಗೆಗೆ ಸಿಗುತ್ತದೆ, ಬಳಸಿದಷ್ಟಕ್ಕೆ ಮಾತ್ರ ದುಡ್ಡು ಎಂದು ಅವಳು ವಿವರಿಸಿದಳು. ಹೀಗೆ ತಮ್ಮ ಸಂಸ್ಥೆಯ ಒಂದು ಸರ್ವರ್ ನನ್ನ ಕಾರ್ಡಿನ ಮೂಲಕ ನಮ್ಮ ಸಂಸಾರವನ್ನು ಪ್ರವೇಶಿಸಿತು.

ಸರ್ವರ್ ಎಂದರೆ ಅತ್ತೆಗೆ ಗೊತ್ತಿದ್ದದ್ದು ಹೋಟೆಲಿನಲ್ಲಿ ನೀರಿನ ಲೋಟ ತಂದಿಡುವವರು ಮಾತ್ರ. "ಗಂಟೆ ಲೆಕ್ಕದ ಸಂಬಳವಾ? ಮತ್ತೆ ಅವನ ಊಟ?" ಎಂದು ಕೇಳಿದರು. ಅದು ಯಂತ್ರವೆಂದು ತಿಳಿದ ಮೇಲೂ ಅವರ ಮನಸ್ಸಿನಲ್ಲಿ ಅದು ಎಲ್ಲೋ ಕೈಕಟ್ಟಿ ನಿಂತ ಒಬ್ಬ ಕೆಲಸಗಾರನಾಗಿಯೇ ಉಳಿಯಿತು.

ಮಾನ್ಯರೇ, ಮೊದಲ ತಿಂಗಳ ತಪ್ಪು ಪೂರ್ತಿ ನನ್ನದು. ಆಟ ಮುಗಿದ ಮೇಲೆ ಲ್ಯಾಪ್‌ಟಾಪಿನ ಮುಚ್ಚಳ ಹಾಕಿದರೆ ತಮ್ಮಲ್ಲಿರುವ ಸರ್ವರ್ ಕೂಡ ಕಣ್ಣು ಮುಚ್ಚುತ್ತದೆಂದು ನಾನು ಮುಗ್ಧವಾಗಿ ನಂಬಿದ್ದೆ. ನಾವು ಸಂಜೆ ಒಂದಿಷ್ಟು ಹೊತ್ತು ಆಡಿದ್ದಕ್ಕೆ ತಾವು ಇಡೀ ತಿಂಗಳ ಪ್ರತಿ ಗಂಟೆಯನ್ನೂ ಎಣಿಸಿ ಬಿಲ್ಲು ಕಳಿಸಿದಾಗ, ತಮ್ಮ ಪುಟಕ್ಕೆ ಹೋಗಿ 'ನಿಲ್ಲಿಸು' ಎಂಬ ಗುಂಡಿಯನ್ನು ಒತ್ತುವವರೆಗೂ ಸರ್ವರ್ ಎದ್ದೇ ಇರುತ್ತದೆ, ಎದ್ದಿರುವುದೂ ಬಳಕೆಯೇ ಎಂಬ ಜ್ಞಾನೋದಯವಾಯಿತು. ಅತ್ತೆ ಬಿಲ್ಲನ್ನು ಬೆಳಕಿಗೆ ಹಿಡಿದು ನೋಡಿದರು. "ಅಂದ್ರೆ ಇಷ್ಟು ದಿನ ಅವನು ಸುಮ್ನೆ ನಿಂತು ಸಂಬಳ ತಗೊಂಡಿದಾನೆ! ನಾನಿರೋ ಮನೇಲಿ!" ಎಂದರು. ಅಂದಿನಿಂದ ಗುಂಡಿಯ ಅಧಿಕಾರ ಅವರ ಕೈಗೆ ಹೋಯಿತು.

ಆಮೇಲೆ ಶುರುವಾದದ್ದು ಮಿತವ್ಯಯ. ಎದುರಾಳಿ ಯೋಚನೆಗೆ ಕೂತರೆ ಅತ್ತೆ ಸರ್ವರನ್ನು ನಿಲ್ಲಿಸುವರು. ಕಾಫಿ ಬಂದರೆ ನಿಲ್ಲಿಸುವರು. ಸೀನು ಬರುವ ಸೂಚನೆ ಕಂಡರೆ ಮೊದಲು ನಿಲ್ಲಿಸಿ, ಸೀನಿ, ಮತ್ತೆ ಆರಂಭಿಸುವರು. ಅವರೊಡನೆ ಆಡುತ್ತಿದ್ದ ನನ್ನ ಹೆಂಡತಿಯ ಸಹೋದ್ಯೋಗಿಗಳು, ಪದ ಹೊಳೆದ ಕ್ಷಣದಲ್ಲೇ ಪರದೆ ಮಾಯವಾಗುವುದನ್ನು ತಾಳಲಾರದೆ ಒಬ್ಬೊಬ್ಬರಾಗಿ ಕಳಚಿಕೊಂಡರು. ತಿಂಗಳ ಕೊನೆಗೆ ಬಂದ ಬಿಲ್ಲು ಹಿಂದಿನದಕ್ಕಿಂತ ಉದ್ದವಾಗಿ ಬೆಳೆದು, ಅದನ್ನು ನೋಡಿ ನಗುವಂತಿತ್ತು. ನಾನು ತಮ್ಮ ಸಹಾಯವಾಣಿಗೆ ಫೋನು ಮಾಡಿದೆ. ಅಲ್ಲಿದ್ದ ಸೌಮ್ಯ ದನಿಯ ಹೆಣ್ಣುಮಗಳು, ಆರಂಭಿಸಿದ ಪ್ರತಿ ಸಲವೂ ಹೊಸ ಗಂಟೆ ಶುರುವಾಗುತ್ತದೆ, ಗಂಟೆಯ ಯಾವ ತುಣುಕನ್ನು ಬಳಸಿದರೂ ಪೂರ್ತಿ ಗಂಟೆಯೆಂದೇ ಲೆಕ್ಕ ಎಂದು ತಿಳಿಸಿದರು. ಒಂದೊಂದು ಸೀನಿಗೆ ಒಂದೊಂದು ಗಂಟೆ! ಅತ್ತೆ ಫೋನನ್ನು ನನ್ನ ಕೈಯಿಂದ ಕಿತ್ತುಕೊಂಡರು.

"ಅಲ್ಲಮ್ಮಾ, ನಾನು ಆಡಿದ್ದು ಹತ್ತೇ ನಿಮಿಷ ಅಂದ್ಮೇಲೆ ಮಿಕ್ಕ ಐವತ್ತು ನಿಮಿಷ ಎಲ್ಲಿಗೆ ಹೋಯ್ತು?"

"ಎಲ್ಲೂ ಹೋಗಿಲ್ಲ ಮೇಡಂ. ನೀವು ನಿಲ್ಲಿಸದೇ ಇದ್ದಿದ್ರೆ ಅದು ನಿಮ್ದೇ ಆಗಿರ್ತಿತ್ತು."

ಆ ಹೆಣ್ಣುಮಗಳಿಗೆ ತಾವು ಬಡ್ತಿ ಕೊಡಬೇಕೆಂದು ಈ ಮೂಲಕ ಶಿಫಾರಸು ಮಾಡುತ್ತೇನೆ. ಆ ಒಂದು ಮಾತು ಅತ್ತೆಯ ಬಾಳನ್ನೇ ಬದಲಿಸಿತು. ಅಂದಿನಿಂದ ದಿನಕ್ಕೆ ಒಂದೇ ಸಲ ಆರಂಭ, ಆರಂಭಿಸಿದರೆ ಗಂಟೆ ತುಂಬುವವರೆಗೆ ಬಿಡುವ ಮಾತಿಲ್ಲ. ಆಟ ಬೇಗ ಮುಗಿದರೆ ಪರದೆಯ ಮೂಲೆಯಲ್ಲಿದ್ದ ಹರಟೆಯ ಪೆಟ್ಟಿಗೆಯಲ್ಲಿ ಎದುರಾಳಿಯೊಡನೆ ಏನಾದರೂ ಬರೆಯುತ್ತ ಕೂರುವರು. "ಕೊಟ್ಟಿರೋ ಗಂಟೆ ನಮ್ದು. ಒಂದು ನಿಮಿಷಾನೂ ಅವರಿಗೆ ಬಿಡಲ್ಲ" ಎಂಬುದು ಅವರ ಹೊಸ ಧರ್ಮವಾಯಿತು.

ಆದರೆ ಎದುರಾಳಿಗಳೇ ಉಳಿದಿರಲಿಲ್ಲವಲ್ಲ. ಆಗ ಬಂದು ಸೇರಿದ್ದು 'ಮೂರನೇ ಮಹಡಿ' ಎಂಬ ಅಡ್ಡಹೆಸರಿನ ಒಬ್ಬ ಆಟಗಾರ್ತಿ. ಅತ್ತೆಯ ಅಡ್ಡಹೆಸರು 'ತಪಾಸಣೆ'. ಮೂರನೇ ಮಹಡಿಯವರು ಮಹಾ ಘಾಟಿ. ಮುಂದಿನವರ ಬಾಯಿ ಕಟ್ಟಿಹೋಗಲೆಂದು 'ಕಂಕಣ', 'ಹಗರಣ', 'ಹವಳ' ಎಂದು ಬೇಕೆಂತಲೇ ಣ, ಳಗಳಲ್ಲಿ ನಿಲ್ಲಿಸುವವರು. ಅತ್ತೆ ಹಲ್ಲು ಕಡಿಯುತ್ತ, ಅಂದರೆ ಆಡುವ ಹುರುಪಿನಲ್ಲಿ, ಸಂಜೆಯಾಗುವುದನ್ನೇ ಕಾಯತೊಡಗಿದರು. ನನ್ನ ಹೊಸ್ತಿಲು ಖಾಲಿಯಾಯಿತು. ನನ್ನ ಹಲ್ಲುಗಳು ತಮಗಿಷ್ಟ ಬಂದಂತೆ ಕಿರಿದುಕೊಂಡವು.

ಒಂದು ಸಂಜೆ ಅತ್ತೆ 'ಸಿಟ್ಟು' ಎಂದು ಹಾಕಿದರು. ಎದುರಿನಿಂದ ಬಹಳ ಹೊತ್ತು ಏನೂ ಬರಲಿಲ್ಲ. ಆಮೇಲೆ 'ಟುಪ್ಪಣ' ಎಂದು ಬಂತು. ಆಟ ಅದನ್ನು ಕೆಂಪಕ್ಷರದಲ್ಲಿ ತೋರಿಸಿ, ಇಂಥ ಪದವಿಲ್ಲ ಎಂದು ತಿರಸ್ಕರಿಸಿತು.

ನಾನು ಅತ್ತೆಯ ಬೆನ್ನ ಹಿಂದೆಯೇ ಇದ್ದೆ. ಗೆದ್ದೆನೆಂದು ಅವರು ಚಪ್ಪಾಳೆ ತಟ್ಟುತ್ತಾರೆಂದುಕೊಂಡಿದ್ದೆ. ಅವರು ಕನ್ನಡಕ ತೆಗೆದು, ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡು, ಆ ಪದವನ್ನೇ ನೋಡುತ್ತ ಕೂತರು. ಅಂಗಿಯ ಜೇಬಿನ ತಳದಲ್ಲಿ ಸೇರಿಕೊಳ್ಳುವ ನೂಲಿನ ಧೂಳಿನ ಪುಟ್ಟ ಉಂಡೆ ಇರುತ್ತದಲ್ಲ, ಅದಕ್ಕೆ ಜಗತ್ತಿನಲ್ಲಿ ಒಬ್ಬಳೇ ಒಬ್ಬಳು ಟುಪ್ಪಣ ಎನ್ನುತ್ತಿದ್ದಳು. ಅವಳು ಅತ್ತೆಯ ತಂಗಿ. ಮಾತು ಕಲಿಯುವ ವಯಸ್ಸಿನಲ್ಲಿ ತಾನೇ ಹುಟ್ಟಿಸಿದ ಪದ ಅದು.

ಮಾನ್ಯರೇ, ಅಕ್ಕ ತಂಗಿಯರು ಮಾತು ಬಿಟ್ಟು ಎಷ್ಟೋ ವರ್ಷಗಳಾಗಿದ್ದವು. ಅವರ ತಾಯಿ ಕೊನೆಯ ದಿನಗಳಲ್ಲಿ ಆಸ್ಪತ್ರೆಯ ಹಾಸಿಗೆಯಿಂದ ನರ್ಸಿಗೆ, "ನನ್ನ ಜಾಣ ಮಗಳನ್ನ ಕರೀರಿ" ಎಂದರಂತೆ. ಹೊರಗೆ ಬೆಂಚಿನ ಮೇಲಿದ್ದ ಇಬ್ಬರೂ ಒಟ್ಟಿಗೇ ಎದ್ದು ಬಾಗಿಲಿಗೆ ಬಂದರಂತೆ. ಬಾಗಿಲಲ್ಲಿ ಯಾರು ಏನೆಂದರೋ ನನಗೆ ತಿಳಿಯದು. ಇಬ್ಬರೂ ಒಳಗೆ ಹೋದರು, ಹೊರಗೆ ಬರುವಾಗ ಬೇರೆ ಬೇರೆಯಾಗಿ ಬಂದರು, ಅಷ್ಟೇ. ನಮ್ಮ ಮದುವೆಗೆ ಆ ತಂಗಿ, ಅಂದರೆ ನನ್ನ ಚಿಕ್ಕತ್ತೆ, ಬಂದು ಉಡುಗೊರೆ ಕೊಟ್ಟು ಹೋದದ್ದು ನನಗೆ ನೆನಪಿದೆ, ಅತ್ತೆ ಅಷ್ಟು ಹೊತ್ತೂ ಒಂದು ಕಂಬವನ್ನು ಮಾತಾಡಿಸುತ್ತ ನಿಂತಿದ್ದೂ ನೆನಪಿದೆ. ಆಟದ ಕೊಂಡಿಯನ್ನು ತನ್ನ ಈ ಚಿಕ್ಕಮ್ಮನಿಗೆ ಸದ್ದಿಲ್ಲದೆ ಕಳಿಸಿದ್ದವಳು ನನ್ನ ಹೆಂಡತಿ. ಯಾವ ಬಸ್ಸನ್ನು ಯಾವ ನಿಲ್ದಾಣದಲ್ಲಿ ಯಾವುದಕ್ಕೆ ಎದುರಾಗಿಸಬೇಕೆಂಬುದು ಅವಳ ಉದ್ಯೋಗವೇ ತಾನೆ.

ಅತ್ತೆ ಮಗಳನ್ನು ಕೂಗಿ ಕರೆದರು. "ಈ ಪದ ಆಟಕ್ಕೆ ಸೇರಿಸು."

"ಅಮ್ಮಾ, ಅದು ಪದವೇ ಅಲ್ಲ."

"ನಮ್ಮನೇಲಿ ಪದ."

"ಸೇರಿಸ್ಬೇಕು ಅಂದ್ರೆ ಸರ್ವರನ್ನ ನಿಲ್ಲಿಸಿ ಮತ್ತೆ ಶುರು ಮಾಡ್ಬೇಕು. ಹೊಸ ಗಂಟೆ ಹಾಕ್ತಾರೆ. ನಾಳೆ ಸೇರಿಸಿದ್ರೆ ಆಗಲ್ವಾ?"

"ಹಾಕ್ಕೊಳ್ಳಲಿ. ಈಗಲೇ ಸೇರಿಸು. ಅವಳು... ಆ ಎದುರಿನವರು ಕಾಯ್ತಿದಾರೆ."

ಸೀನನ್ನು ಸಹ ಲೆಕ್ಕ ಹಾಕಿ ಸೀನುತ್ತಿದ್ದ ಹೆಂಗಸು, ಇನ್ನೂ ಅರ್ಧಕ್ಕಿಂತ ಹೆಚ್ಚು ಉಳಿದಿದ್ದ ಗಂಟೆಯೊಂದನ್ನು ತಮ್ಮ ಸಂಸ್ಥೆಗೆ ದಾನ ಮಾಡಿ, ಇನ್ನೊಂದನ್ನು ಕೊಂಡರು. ಪರದೆ ಹೋಗಿ ಪರದೆ ಬಂತು. ಮೂರನೇ ಮಹಡಿಯವರು ಮತ್ತೆ 'ಟುಪ್ಪಣ' ಎಂದು ಹಾಕಿದರು. ಈ ಸಲ ಹಸಿರಕ್ಷರದಲ್ಲಿ ನಿಂತಿತು. ಣಕಾರದಿಂದ ಮುಂದೆ ಹೋಗಲಾರದೆ ಅತ್ತೆ ಸೋತರು. ಅವರು ಅಷ್ಟು ಖುಷಿಯಿಂದ ಸೋತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ತಾವು ಇಲ್ಲಿಗೆ ಇಬ್ಬರೂ ಅಳುತ್ತ ಒಂದಾದರೆಂದು ಭಾವಿಸಿದರೆ ತಮಗೆ ಅಕ್ಕತಂಗಿಯರ ಪರಿಚಯವಿಲ್ಲವೆಂದು ಅರ್ಥ. ಗುರುತು ಹತ್ತಿತೆಂದು ಇಬ್ಬರೂ ಬಾಯಿಬಿಡಲಿಲ್ಲ. ಆಟ ಮುಗಿಯುವುದು, ಗಂಟೆಯಲ್ಲಿ ಒಂದಿಷ್ಟು ನಿಮಿಷ ಉಳಿಯುವುದು, 'ಹೇಗೂ ದುಡ್ಡು ಕೊಟ್ಟಾಗಿದೆ, ಕೂತಿರೋಣ' ಎಂದು ಅತ್ತೆ ಬರೆಯುವುದು, 'ಹೌದು, ಸುಮ್ಮನೆ ಯಾಕೆ ದಂಡ ಮಾಡುವುದು' ಎಂದು ಅತ್ತಲಿಂದ ಬರುವುದು. ಆಮೇಲೆ ಇಬ್ಬರು ಅಪರಿಚಿತರ ಸಭ್ಯ ಸಂಭಾಷಣೆ. ನನಗೊಬ್ಬಳು ತಂಗಿಯಿದ್ದಾಳೆ, ಬಲು ಹಠಮಾರಿ, ಎಂದು ಅತ್ತೆ ಬರೆದರು. ನನಗೂ ಒಬ್ಬಳು ಅಕ್ಕ ಇದ್ದಾಳೆ, ನಿಮ್ಮ ತಂಗಿಯನ್ನು ಅವಳ ಮುಂದೆ ನಿವಾಳಿಸಿ ಎಸೆಯಬೇಕು, ಎಂದು ಅವರು ಬರೆದರು. ಪಾಪ, ನೀವು ಎಷ್ಟು ಸಹಿಸಿಕೊಂಡಿರೋ, ಎಂದರು ಇವರು. ನಿಮ್ಮ ಕಷ್ಟವೂ ಕಡಿಮೆಯಲ್ಲ ಬಿಡಿ, ಎಂದರು ಅವರು. ಹೀಗೆ ಪ್ರತಿ ಸಂಜೆ ಒಬ್ಬರನ್ನು ಅವರ ಹತ್ತಿರವೇ ಇನ್ನೊಬ್ಬರು ಮನಸಾರೆ ಬಯ್ದು, ಪರಸ್ಪರ ಸಾಂತ್ವನ ಹೇಳಿಕೊಳ್ಳುತ್ತಿದ್ದರು; ಗಂಟೆ ತುಂಬಿದ ಕೂಡಲೇ ಅತ್ತೆ ಗುಂಡಿ ಒತ್ತುತ್ತಿದ್ದರು. ನಾನೂ ನನ್ನ ಹೆಂಡತಿಯೂ ಅಡುಗೆಮನೆಯಲ್ಲಿ ಬಾಯಿಗೆ ಟವೆಲ್ ತುರುಕಿಕೊಂಡು ನಗುತ್ತಿದ್ದೆವು.

ಅಂಥ ಹೊತ್ತಿನಲ್ಲಿ, ಮಾನ್ಯರೇ, ತಮ್ಮ ಪ್ರಕಟಣೆ ಬಂತು. ಗ್ರಾಹಕರ ಹಿತದೃಷ್ಟಿಯಿಂದ ಇನ್ನು ಮುಂದೆ ಗಂಟೆಯ ಲೆಕ್ಕವಿಲ್ಲ, ಸೆಕೆಂಡಿನ ಲೆಕ್ಕ; ಬಳಸಿದಷ್ಟಕ್ಕೆ ಮಾತ್ರ, ಒಂದು ಸೆಕೆಂಡೂ ಹೆಚ್ಚಿಲ್ಲ!

ನನ್ನ ಹೆಂಡತಿ ಅದನ್ನು ಓದಿ ಕುರ್ಚಿಯಲ್ಲಿ ಕುಸಿದಳು. "ಹಾಳಾಯ್ತು. ಇನ್ನು ಮಿಕ್ಕೋ ನಿಮಿಷಾನೇ ಇಲ್ಲ" ಎಂದಳು. ಅವಳ ಮಾತು ನಿಜವಾಗಿತ್ತು. ಆಟ ಮುಗಿದ ಮೇಲೆ ಕೂತಿರಲು ಆ ಇಬ್ಬರಿಗೂ ಇದ್ದ ನೆಪ ಒಂದೇ, ಹೇಗೂ ಕೊಟ್ಟುಬಿಟ್ಟ ದುಡ್ಡು. ಇನ್ನು ಕೂತರೆ ಬೇಕೆಂದೇ ಕೂತ ಹಾಗೆ, ನಿನ್ನ ಜೊತೆ ಮಾತಾಡಲು ನಾನು ದುಡ್ಡು ಕೊಡುತ್ತಿದ್ದೇನೆ ಎಂದು ಒಪ್ಪಿಕೊಂಡ ಹಾಗೆ. ಅದನ್ನು ಒಪ್ಪಿಕೊಳ್ಳುವ ಜಾಯಮಾನ ಆ ಮನೆತನದಲ್ಲಿಲ್ಲ. ನಿಮ್ಮ ಲೂಟಿಯನ್ನು ದಯವಿಟ್ಟು ಮುಂದುವರಿಸಿ ಎಂದು ಕೇಳಿಕೊಳ್ಳಲು ನಾನು ತಮ್ಮ ಸಹಾಯವಾಣಿಗೆ ಫೋನು ಮಾಡಿದೆ. ಈ ಸಲ ಯಂತ್ರವೊಂದು ಮಾತಾಡಿ, ತಮ್ಮ ಮೆಚ್ಚುಗೆಗೆ ಧನ್ಯವಾದ ಎಂದಿತು.

ಹೊಸ ಲೆಕ್ಕ ಜಾರಿಗೆ ಬಂದ ಮೊದಲ ಸಂಜೆ ನಾನು ಕೆಲಸ ಬಿಟ್ಟು ಅಡುಗೆಮನೆಯ ಬಾಗಿಲಲ್ಲಿ ನಿಂತೆ. ನನ್ನ ಹೆಂಡತಿ ಫೋನಿನಲ್ಲಿ ತಮ್ಮ ಬಿಲ್ಲಿನ ಪುಟ ತೆರೆದು ಹಿಡಿದಿದ್ದಳು. ಆಟ ನಡೆಯಿತು, ಮುಗಿಯಿತು. ಅತ್ತೆಯ ಬೆರಳು ಗುಂಡಿಯ ಹತ್ತಿರ ಹೋಯಿತು. ಅಲ್ಲೇ ನಿಂತಿತು. ಹರಟೆಯ ಪೆಟ್ಟಿಗೆಯಲ್ಲಿ ಅತ್ತಲಿಂದ ಏನೂ ಇಲ್ಲ, ಇತ್ತಲಿಂದಲೂ ಏನೂ ಇಲ್ಲ. ಆದರೆ ಎದುರಾಳಿ ಇದ್ದಾರೆಂದು ತೋರಿಸುವ ಹಸಿರು ಚುಕ್ಕೆ ಮಾತ್ರ ಆರಲಿಲ್ಲ. ಇಬ್ಬರು ಹೆಂಗಸರು ಎರಡು ಮನೆಗಳಲ್ಲಿ ಬಾಯಿ ಬಿಗಿದುಕೊಂಡು ಒಂದು ಚುಕ್ಕೆಯನ್ನು ನೋಡುತ್ತ ಕೂತಿದ್ದಾರೆ, ನನ್ನ ಕಾರ್ಡಿನಿಂದ ಸೆಕೆಂಡು ಸೆಕೆಂಡಿಗೂ ದುಡ್ಡು ಸೋರುತ್ತಿದೆ. ನನ್ನ ಹೆಂಡತಿ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಮರುದಿನ ನಾನು ಅರ ಹಿಡಿಯಲಾಗಲಿಲ್ಲ.

ಕೊನೆಗೆ ಪರದೆಯ ಮೇಲೆ ಅಕ್ಷರಗಳು ಬಂದವು.

'ಅಕ್ಕಾ, ದುಡ್ಡು ಹೋಗ್ತಿದೆ.'

ಅತ್ತೆ ಓದಿದರು. ಮೂಗು ಏರಿಸಿದರು. ಒಂದೇ ಬೆರಳಿನಲ್ಲಿ, ಒಂದೊಂದೇ ಅಕ್ಷರ ಹುಡುಕಿ ಒತ್ತಿದರು.

'ಹೋಗ್ಲಿ ಬಿಡೇ.'

ಮಾನ್ಯರೇ, ನನ್ನ ಅತ್ತೆಯ ಕೈಯಿಂದ ಆ ಎರಡು ಪದಗಳು ಬಂದದ್ದು ಜೀವಮಾನದಲ್ಲಿ ಅದೇ ಮೊದಲು. ನನ್ನ ಹೆಂಡತಿ ಅಡುಗೆಮನೆಯ ನೆಲದ ಮೇಲೆ ಕೂತು ನಗುತ್ತಲೋ ಅಳುತ್ತಲೋ ಇದ್ದಳು, ನಾನು ಹತ್ತಿರ ಹೋಗಿ ವಿಚಾರಿಸಲಿಲ್ಲ, ಏಕೆಂದರೆ ನನ್ನದೂ ಅದೇ ಅವಸ್ಥೆಯಾಗಿತ್ತು.

ನನ್ನ ನಿಜವಾದ ದೂರು ಶುರುವಾಗುವುದೇ ಇಲ್ಲಿಂದ. ಗಂಟೆಗೆ ಒಂದು ಅಂಚಿತ್ತು. ಆ ಅಂಚು ಬಂದ ಕೂಡಲೇ ಮಾತು ನಿಲ್ಲುತ್ತಿತ್ತು, ಅತ್ತೆ ಎದ್ದು ಹೋಗಿ ಮಲಗುತ್ತಿದ್ದರು, ಮನೆ ಉಸಿರಾಡುತ್ತಿತ್ತು. ಸೆಕೆಂಡಿಗೆ ಅಂಚೇ ಇಲ್ಲ. ಎಲ್ಲಿ ನಿಲ್ಲಿಸಿದರೂ ಒಂದೇ ಆದ್ದರಿಂದ ಅವರು ಎಲ್ಲಿಯೂ ನಿಲ್ಲಿಸಲಿಲ್ಲ. ವರ್ಷಗಟ್ಟಲೆ ಕಟ್ಟಿಟ್ಟಿದ್ದ ಮಾತು. ಯಾರಿಗೆ ಯಾವ ಹಲ್ಲು ಬಿತ್ತು, ಯಾರ ಮಗ ಯಾರನ್ನು ಕಟ್ಟಿಕೊಂಡ, ಅಮ್ಮನ ಬೆಳ್ಳಿಯ ಚಮಚ ಯಾರ ಮನೆಯಲ್ಲಿದೆ, ಜಾಣ ಮಗಳು ನಿಜಕ್ಕೂ ಯಾರು. ಈ ಕೊನೆಯದರ ಬಗ್ಗೆ ಈಗಲೂ ಘನಘೋರ ಯುದ್ಧವಿದೆ, ಆದರೆ ಮಾತು ಬಿಟ್ಟು ಮಾಡುವ ಯುದ್ಧವಲ್ಲ. ತಾವು ಕಳಿಸಿದ ಬಿಲ್ಲನ್ನು ನಾನು ತಪ್ಪು ಹುಡುಕುವ ಆಸೆಯಿಂದ ಸಾಲು ಸಾಲಾಗಿ ಓದಿದೆ. ಚಿಲ್ಲರೆ ಸಮೇತ ಸರಿಯಾಗಿತ್ತು. ಗಿರಾಕಿಗೆ ಬಯ್ಯಲೂ ಅವಕಾಶ ಕೊಡದ ಬಿಲ್ಲು ಎಂಥ ಕ್ರೌರ್ಯವೆಂಬುದು ತಮಗೆ ತಿಳಿಯದಿರಲಾರದು.

ಬಿಲ್ಲನ್ನು ನೋಡಿದ ಅತ್ತೆ ತಂಗಿಗೆ, "ಈ ದುಡ್ಡಲ್ಲಿ ನೀನು ಇಲ್ಲಿಗೇ ಬಂದು ಹೋಗ್ಬಹುದಿತ್ತು" ಎಂದು ಬರೆದರು. ಚಿಕ್ಕತ್ತೆ 'ಬಂದು ಹೋಗು' ಎಂಬುದರ ಮೊದಲರ್ಧವನ್ನು ಮಾತ್ರ ಓದಿಕೊಂಡು ಬಂದಿದ್ದಾರೆ. ಎರಡು ಸೂಟ್‌ಕೇಸು, ಒಂದು ದಿಂಬು, ತಮ್ಮದೇ ಆದ ಒಂದು ಕುರ್ಚಿ. ಅವರು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷಿಸುತ್ತಿದ್ದವರು. ಈಗ ನನ್ನ ಹೊಸ್ತಿಲಿನಲ್ಲಿ ಎರಡು ಕುರ್ಚಿಗಳಿವೆ. ನಾನು ಮಾಡಿದ ಹಲ್ಲನ್ನು ಒಬ್ಬರು ಬೆಳಕಿಗೆ ಹಿಡಿಯುತ್ತಾರೆ, ಇನ್ನೊಬ್ಬರು ಭೂತಗನ್ನಡಿ ಹಿಡಿಯುತ್ತಾರೆ, ಇಬ್ಬರೂ ಒಂದೇ ದನಿಯಲ್ಲಿ ಹಿಂದಕ್ಕೆ ಕೊಡುತ್ತಾರೆ. ಅವರ ನಡುವೆ ಒಮ್ಮತ ಮೂಡಿರುವ ವಿಷಯ ಇದೊಂದೇ.

ಆದ್ದರಿಂದ ತಮ್ಮಲ್ಲಿ ನನ್ನ ನಮ್ರ ಬೇಡಿಕೆಗಳನ್ನು ಮುಂದಿಡುತ್ತೇನೆ. ದಯಮಾಡಿ ಸೆಕೆಂಡಿನ ಲೆಕ್ಕವನ್ನು ರದ್ದುಗೊಳಿಸಿ, ನಮ್ಮನ್ನು ಮೊದಲಿನಂತೆ ಗಂಟೆಗಟ್ಟಲೆ ಸುಲಿಯಬೇಕು. ಅದು ಸಾಧ್ಯವಿಲ್ಲವಾದರೆ, ಅಕ್ಕತಂಗಿಯರಿಬ್ಬರನ್ನೂ ತಮ್ಮ ಆ ತಂಪು ಕಟ್ಟಡದಲ್ಲಿ ಪಕ್ಕಪಕ್ಕದಲ್ಲಿ ಸ್ಥಾಪಿಸಿ ಬಾಡಿಗೆಗೆ ಕೊಡಬೇಕು. ಇಬ್ಬರೂ ಬಿಡುವಿಲ್ಲದೆ ಓಡುತ್ತಾರೆ, ಬಿಸಿಯಾದರೂ ಕೆಡುವುದಿಲ್ಲ, ಎಷ್ಟು ಜನ ಒಟ್ಟಿಗೆ ಬಂದರೂ ಎಲ್ಲರಿಗೂ ಏಕಕಾಲದಲ್ಲಿ ಉತ್ತರ ಕೊಡುತ್ತಾರೆ. ಅದೂ ಆಗದಿದ್ದಲ್ಲಿ, ತಮ್ಮ ಪುಟದಲ್ಲಿರುವ ಆ 'ನಿಲ್ಲಿಸು' ಗುಂಡಿಯ ಒಂದು ಪ್ರತಿಯನ್ನು ಅಂಚೆಯಲ್ಲಾದರೂ ಕಳಿಸಿಕೊಡಬೇಕು. ಗೋಡೆಗೆ ಹಚ್ಚಿಟ್ಟುಕೊಳ್ಳುತ್ತೇನೆ, ಕೆಲಸ ಮಾಡದಿದ್ದರೂ ಚಿಂತೆಯಿಲ್ಲ.

ಈ ಪತ್ರವನ್ನು ಬರೆಯುತ್ತಿರುವಾಗ ಇಬ್ಬರೂ ನನ್ನ ಹೆಗಲ ಮೇಲಿಂದ ಬಗ್ಗಿ ಓದುತ್ತಿದ್ದಾರೆ. ಒಂದು ಕಡೆ ಅಲ್ಪವಿರಾಮ ಬಿಟ್ಟಿದೆಯೆಂದು ಅತ್ತೆ ಬೆರಳಿಟ್ಟು ತೋರಿಸಿದರು. ಅಲ್ಲಿ ಅಲ್ಪವಿರಾಮ ಬೇಡವೆಂದು ಚಿಕ್ಕತ್ತೆ ಹೇಳಿದರು. ವಾದ ಈಗ ಊಟದ ಕೋಣೆಗೆ ಸ್ಥಳಾಂತರಗೊಂಡಿದೆ. ನನ್ನ ಹೆಂಡತಿ ಅವರಿಬ್ಬರ ನಡುವೆ ಕೂತು, ಯಾರ ಪಕ್ಷವನ್ನೂ ವಹಿಸದೆ, ಇಬ್ಬರ ತಟ್ಟೆಯಿಂದಲೂ ಬಿಸ್ಕತ್ತು ಕದ್ದು ತಿನ್ನುತ್ತ ನಗುತ್ತಿದ್ದಾಳೆ. ಇಷ್ಟು ನಗುವ ಬಾಯಿಯೊಂದು ನನ್ನ ಮನೆಯಲ್ಲೇ ಇದೆಯೆಂದು ಮೊದಲೇ ಗೊತ್ತಿದ್ದರೆ ಅಚ್ಚು ತೆಗೆದಿಟ್ಟುಕೊಳ್ಳುತ್ತಿದ್ದೆ. ಈ ಅಪರಾಧಕ್ಕೆ ತಾವೇ ಹೊಣೆ.

ತಮ್ಮ ಪ್ರಾಮಾಣಿಕತೆಯಿಂದ ಜರ್ಜರಿತನಾದರೂ ಇನ್ನೂ

ತಮ್ಮ ವಿಶ್ವಾಸಿಯೇ ಆಗಿರುವ,
ಕಟ್ಟುಹಲ್ಲಿನವನು

ವಿ.ಸೂ.: ಸರ್ವರನ್ನು ನಾವು ಕಳೆದ ವಾರವೇ ಪೂರ್ತಿ ಅಳಿಸಿಹಾಕಿದೆವು. ಆದರೂ ಇಂದು ಬೆಳಿಗ್ಗೆ ಒಂದು ಸಣ್ಣ ಬಿಲ್ಲು ಬಂದಿದೆ. ವಿಚಾರಿಸಲಾಗಿ, ಸರ್ವರ್ ಹೋದರೂ ಅಂತರಜಾಲದಲ್ಲಿ ಅದಕ್ಕಿದ್ದ ವಿಳಾಸ ನಮ್ಮ ಹೆಸರಿನಲ್ಲೇ ಉಳಿದಿದೆಯೆಂದೂ, ವಿಳಾಸದಲ್ಲಿ ಯಾರಾದರೂ ವಾಸವಿದ್ದರೆ ಅದು ಉಚಿತ, ಖಾಲಿ ಬಿದ್ದಿದ್ದರೆ ಮಾತ್ರ ಬಾಡಿಗೆ ಎಂದೂ ತಿಳಿದುಬಂತು. ಇದನ್ನು ಕೇಳಿ ಚಿಕ್ಕತ್ತೆ ಬಹಳ ಸಂತೋಷಪಟ್ಟಿದ್ದಾರೆ. ಊರಿನಲ್ಲಿ ಬೀಗ ಹಾಕಿ ಬಂದಿರುವ ತಮ್ಮ ಮನೆಗೂ ಇದೇ ನಿಯಮವನ್ನು ಅನ್ವಯಿಸಿ, ಅಲ್ಲಿ ಯಾರೂ ವಾಸವಿಲ್ಲದಿರುವುದಕ್ಕೆ ಬಾಡಿಗೆಯ ಬಿಲ್ಲನ್ನು ತಯಾರಿಸುತ್ತಿದ್ದಾರೆ. ಅದನ್ನು ಯಾರ ಹೆಸರಿಗೆ ಕಳಿಸಬೇಕೆಂದು ಕೇಳಿದ್ದಕ್ಕೆ ಅತ್ತೆ ತಮ್ಮ ಸಂಸ್ಥೆಯ ಹೆಸರನ್ನು ಹೇಳಿದ್ದಾರೆ. ಅಕ್ಷರವೊಂದೂ ತಪ್ಪದಂತೆ ಇಬ್ಬರೂ ಪರಿಶೀಲಿಸಿದ್ದಾರೆ.